ನೋರಾಳ ಗಂಡನನ್ನು ಕೊಲ್ಲಬೇಕಿತ್ತೇ?

ಫೇಸ್‌ಬುಕ್ ಗುಂಪಿನಲ್ಲಿ ಈ ಪ್ರಶ್ನೆಗೆ ಬಂದ ಉತ್ತರ ಓದಿದ ಮೇಲೆ ಬಾಯಲ್ಲಿದ್ದ ಮಂಡಕ್ಕಿಯನ್ನು ನುಂಗಲು ಕಿರಣ್‌ಕುಮಾರನಿಗೆ ಆಗಲಿಲ್ಲ.

‘ಮಲಗಿದವನ ಬೆನ್ನು ಎರಡೇ ತಿಂಗಳಿಗೆ ಕೊಳೆಯುತ್ತೆ. ಹುಣ್ಣಿನೊಳಗೆ ಬಟ್ಟೆ ತುರುಕಬೇಕು. ನಾತಕ್ಕೆ ನೊಣ ಮುತ್ತುತ್ತವೆ. ಈ ನೋರಾ ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ನಗ್ತಾಳೆ. ಥೂ. ಎಲ್ಲಾ ಸುಳ್ಳು.’

ಬರೆದವನು ಜುಂಜಣ್ಣ. ಮುಖವಿಲ್ಲ, ಊರಿಲ್ಲ, ಫೋಟೋ ಇರಬೇಕಾದ ಜಾಗದಲ್ಲಿ ಒಂದು ಕಲ್ಲುಗುಡ್ಡ. ಕಿರಣ್‌ಕುಮಾರ ಎದ್ದು ಹೋಗಿ ಅಂಗಡಿಯ ಹೊರಗೆ ಉಗಿದು ಬಂದ.

ಹೊಳಲ್ಕೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಕಿರಣ್‌ಕುಮಾರ, ‘ಕೊನೆಯ ಬೇಲಿ’ ಎಂಬ, ಸತ್ತೂ ಎದ್ದು ಓಡಾಡುವ ಹೆಣಗಳ ಜಾಂಬಿ ಸೀರಿಯಲ್ಲಿಗಾಗಿ ಫೇಸ್‌ಬುಕ್ಕಿನಲ್ಲಿ ದುರ್ಗದ ಅಭಿಮಾನಿಗಳದೊಂದು ಗುಂಪು ತೆರೆದಿದ್ದ. ಯಾವುದೋ ದೇಶದ ಸೀರಿಯಲ್ಲು, ಕನ್ನಡಕ್ಕೆ ಡಬ್ ಆಗಿ ಬರುತ್ತಿತ್ತು. ಮೊದಮೊದಲು ಗುಂಪಿನ ತುಂಬ ಹೊಗಳಿಕೆ. ಐದನೇ ಸೀಸನ್ನಿನಿಂದ ಈಚೆಗೆ ಬರೀ ಬೈಗುಳ.

‘ಲೇ, ಇದು ಸೀರಿಯಲ್ಲೋ ರಬ್ಬರ್ರೋ? ಅದೇ ಕಾಡು, ಅದೇ ಕೊಳೆತ ಮೂತಿ’ ಎಂದು ಹೊಸದುರ್ಗದ ತಿಪ್ಪೇಶ್ ವಾರಕ್ಕೊಮ್ಮೆ ತಪ್ಪದೆ ಬರೆಯುತ್ತಿದ್ದ. ಕಿರಣ್‌ಕುಮಾರನಿಗೂ ವಾಕರಿಕೆ ಬಂದಿತ್ತು. ಆದರೂ ಹನ್ನೊಂದನೇ ಸೀಸನ್ನಿನ ಹೊಸ ಕಂತನ್ನು ಪ್ರತಿ ಶುಕ್ರವಾರ ಬೆಳಗ್ಗೆ ಅಂಗಡಿ ತೆಗೆಯುವ ಮೊದಲೇ ನೋಡಿ ಮುಗಿಸುತ್ತಿದ್ದ. ಹಾಳು ಚಟ.

ಎಲ್ಲಕ್ಕಿಂತ ದೊಡ್ಡ ಜಗಳ ಸೀರಿಯಲ್ಲಿನ ನೋರಾಳದು. ಎರಡನೇ ಸೀಸನ್ನಿನಲ್ಲಿ ಅವಳ ಗಂಡನನ್ನು ಜಾಂಬಿ ಕಚ್ಚುತ್ತದೆ, ಅವನೂ ಜಾಂಬಿಯಾಗುತ್ತಾನೆ. ಊರವರು ಸುಟ್ಟುಬಿಡು ಎನ್ನುತ್ತಾರೆ. ಅವಳು ಸುಡುವುದಿಲ್ಲ. ಕೊಟ್ಟಿಗೆಯಲ್ಲಿ ಮಂಚಕ್ಕೆ ಕಟ್ಟಿಹಾಕಿ, ಒರೆಸಿ, ತೊಳೆದು, ಇವತ್ತಿಗೂ ಇಟ್ಟುಕೊಂಡಿದ್ದಾಳೆ.

ಉಳಿದವರೆಲ್ಲ ಈ ಮಾತಾಡಿ ದಣಿದು ಬಿಟ್ಟಿದ್ದರು. ದಣಿಯದವರು ಇಬ್ಬರೇ. ಎರಡನೇ ಸೀಸನ್ನಿಗೇ ಅವನನ್ನು ಮುಗಿಸಬೇಕಿತ್ತು ಎನ್ನುವ ಜುಂಜಣ್ಣ. ಕೂಡದು ಎನ್ನುವ ರಾಮಗಿರಿಯ ಹೇಮಾವತಿ.

‘ಅವನು ಕಣ್ಣು ಮಿಟುಕಿಸ್ತಾನೆ, ನೋಡಿಲ್ವಾ?’ ಎಂದು ಅವಳು ಬರೆದರೆ, ‘ಕೋಳಿನೂ ಮಿಟುಕಿಸುತ್ತೆ’ ಎಂದು ಇವನು.

ಅವತ್ತು ಹೇಮಾವತಿ ಬರೆದಳು: ‘ನೋರಾಗೆ ಅಸಹ್ಯ ಇಲ್ಲ. ಅವನು ಅವಳ ಗಂಡ.’

ಬಹಳ ಹೊತ್ತಾದ ಮೇಲೆ ಜುಂಜಣ್ಣನ ಉತ್ತರ ಬಂತು. ‘ಗಂಡ ಅಲ್ಲ, ಹೆಣ. ನೋರಾ ಹೆಣ ಕಾಯೋಳು. ನೀನೂ ಅಂಥವಳೇ. ಬಿಟ್ಟುಬಿಡು ಅವನನ್ನ.’

ಹೇಮಾವತಿ ಉತ್ತರ ಕೊಡಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ತಾನು ತೆರೆದ ಗುಂಪಿನಲ್ಲಿ ಒಬ್ಬ ಹೆಣ್ಣುಮಗಳಿಗೆ ಇಂಥ ಮಾತು ಬಂತಲ್ಲ ಎಂದು ಕಿರಣ್‌ಕುಮಾರನಿಗೆ ನಾಚಿಕೆಯಾಯಿತು. ಅವಳಿಗೆ ಕ್ಷಮೆ ಕೇಳಿ ಮೆಸೇಜ್ ಹಾಕಿದ. ‘ಈ ಕಡೆ ಬಂದ್ರೆ ಮನೆಗೆ ಬರ್ರಿ. ನಾನು ಹೊರಗೆ ಬರೋ ಹಂಗಿಲ್ಲ’ ಎಂದಳು.

ಭಾನುವಾರ ಬೆಳಗ್ಗೆ ಬೈಕು ಹತ್ತಿದ. ರಾಮಗಿರಿಯಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಆ ಮನೆ. ಬಾಗಿಲಲ್ಲೇ ಡೆಟಾಲ್ ವಾಸನೆ ಬಡಿಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಕಿರಣ್‌ಕುಮಾರ ಉಸಿರು ಬಿಗಿಹಿಡಿದ.

“ಕುಂತ್ಕಳ್ರಿ, ಒಂದೈದು ನಿಮಿಷ. ಇವರನ್ನ ಮಗ್ಗಲು ಹೊರಳಿಸೋ ಹೊತ್ತು” ಎಂದಳು ಹೇಮಾವತಿ. ನಲವತ್ತು ದಾಟಿದ, ಸೋತ ಕಣ್ಣಿನ ಹೆಂಗಸು. ಸೀರೆಯ ಅಂಚಿನಲ್ಲಿ ಹಳದಿ ಕಲೆ.

ಒಳಕೋಣೆಯ ಮಂಚದ ಮೇಲೆ ಒಬ್ಬ ಗಂಡಸು. ಎಲುಬಿಗೆ ಚರ್ಮ ಹೊದಿಸಿದಂತಿದ್ದ. ಕಣ್ಣು ಆಡುತ್ತಿದ್ದವು. ಬಲಗೈಯ ಒಂದು ಬೆರಳು, ಹಾಸಿಗೆಯ ಮೇಲಿದ್ದ ಫೋನಿನ ಪಕ್ಕ, ಮೆಲ್ಲಗೆ ಆಡುತ್ತಿತ್ತು. ಉಳಿದದ್ದೆಲ್ಲ ಮರ.

“ನಮ್ಮ ಯಜಮಾನ್ರು, ದಯಾನಂದ ಅಂತ. ಮಾರಿಕಣಿವೆ ಡ್ಯಾಮ್ ನೋಡ್ಕಂಡು ಬರುವಾಗ ಹಿರಿಯೂರು ರಸ್ತೆಯಾಗೆ ಬೈಕ್ ಬಿತ್ತು. ಆರು ವರ್ಷ ಆತು. ಮಾತೂ ಹೋತು.”

ಅವಳು ಅವನನ್ನು ಹೊರಳಿಸಿದಳು. ಬೆನ್ನಿನ ಹುಣ್ಣಿನಿಂದ ಕೀವಿನ ಬಟ್ಟೆ ಎಳೆದು ಬೇರೆ ತುಂಬಿದಳು. ಕಿರಣ್‌ಕುಮಾರನ ಕಣ್ಣು ಗೋಡೆಯ ಕಡೆ ತಿರುಗಿತು. ಹಾಗೆ ತಿರುಗಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ನೋರಾಳ ಪರವಾಗಿ ಇವಳು ಯಾಕೆ ಇಷ್ಟು ವರ್ಷ ಹೊಡೆದಾಡಿದಳು ಎಂಬುದು ಈಗ ತಿಳಿಯಿತು. ಇಂಥವಳಿಗೆ ‘ಹೆಣ ಕಾಯೋಳು’ ಎಂದನಲ್ಲ ಆ ಹಲ್ಕಟ್! ಜಾಂಬಿಗಳೇ ವಾಸಿ.

ಅವಳು ಕೈ ತೊಳೆದು ಪಡಸಾಲೆಗೆ ಚಹಾ ತಂದಳು.

“ತಪ್ಪಾತು ಅಕ್ಕಾ. ಅವನ ಮಾತಿಗೆ ನೀವು ಬೇಜಾರಾಗಿ ಸುಮ್ನಾಗಿಬಿಟ್ರಿ.”

“ಬೇಜಾರಲ್ಲ ತಮ್ಮಾ. ಏನು ಉತ್ರ ಕೊಡಬೇಕು ಅಂತ ತೋಚಲಿಲ್ಲ.”

“ಅಂಥವನಿಗೆ ಎಂಥಾ ಉತ್ರ? ನಿಮ್ಮೆದುರಿಗೇ ಗುಂಪಿನಿಂದ ಕಿತ್ತು ಹಾಕ್ತೀನಿ.”

“ಬ್ಯಾಡ್ರಿ. ಬರೀಲಿ. ಬರೆಯೋವರೆಗೂ ನಂಗೆ ಧೈರ್ಯ.”

ಎಷ್ಟು ದೊಡ್ಡ ಮನಸ್ಸು ಎಂದುಕೊಂಡ ಕಿರಣ್‌ಕುಮಾರ. ಆದರೂ ಫೋನ್ ತೆಗೆದ, ಜುಂಜಣ್ಣನ ಹೆಸರು ಒತ್ತಿದ, ತೆಗೆದುಹಾಕಿದ. ಗೆದ್ದವನಂತೆ ಪರದೆಯನ್ನು ಅವಳತ್ತ ತಿರುಗಿಸಿದ.

“ನೋಡ್ರಿ ಅಕ್ಕಾ. ಪೀಡೆ ತೊಲಗಿತು.”

ಹೇಮಾವತಿಯ ಮುಖ ಬಿಳಿಚಿತು. ಒಳಕೋಣೆಯತ್ತ ಒಮ್ಮೆ ನೋಡಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಅವನ ಹತ್ತಿರ ಬಗ್ಗಿ ಪಿಸುಗುಟ್ಟಿದಳು:

“ಕೈ ಮುಗೀತೀನಿ, ಈಗ್ಲೇ ವಾಪಸ್ ಸೇರಿಸ್ರಿ, ಜುಂಜಣ್ಣ ಅಂದ್ರೆ ಒಳಗೆ ಮಲಗಿರೋರೇ, ನಂಗೆ ಗೊತ್ತೈತೆ ಅಂತ ಅವರಿಗೆ ಗೊತ್ತಿಲ್ಲ.”