ಒಂದೇ ಕೈಯ ಇಂಪಾಲಾ

"ಆ ಅಯಸ್ಕಾಂತ ತೆಗಿ. ಬಣ್ಣಕ್ಕ ಗೀರು ಬಿದ್ದರ ಯಾರು ಜವಾಬ್ದಾರಿ?"

ಅಪ್ಪಾಸಾಹೇಬರ ಗದರಿಕೆಗೆ ಹುಡುಗಿ ಕದಲಲಿಲ್ಲ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಎತ್ತಿ ಹಿಡಿದಳು.

"ಮೆತ್ತಗ ಹಚ್ಚತೀನ್ರಿ. ತಗಡು ಇದ್ದಲ್ಲಿ ಹಿಡೀತದ, ಗುಳಿ ಮುಚ್ಚಾಕ ಪುಟ್ಟಿ ತುಂಬಿದ್ದಲ್ಲಿ ಬೀಳತದ. ಗಾಡಿ ಚೊಕ್ಕ ಇದ್ದರ ನಿಮಗ್ಯಾಕ ಅಂಜಿಕಿ?"

ಅಂಜಿಕೆ! ಪುಣೆಯ ಪ್ರಭಾತ ರಸ್ತೆಯ ಈ ಬಂಗಲೆಯಲ್ಲಿ ಅವರನ್ನು ಹಾಗೆ ಕೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ. ಆದರೆ ಸಿಟ್ಟು ಮಾಡಿಕೊಳ್ಳುವ ಹೊತ್ತು ಇದಲ್ಲ. ಬಂಗಲೆಯನ್ನು ಬಿಲ್ಡರನಿಗೆ ಬಿಟ್ಟುಕೊಟ್ಟಾಗಿತ್ತು. ಮಳೆಗಾಲ ಮುಗಿದ ಮೇಲೆ ಇಲ್ಲಿ ಫ್ಲ್ಯಾಟುಗಳು ಏಳುತ್ತವೆ. ಹಡಗಿನಂಥ ಇಂಪಾಲಾ ಕಾರಿಗೆ ಆ ಪಾರ್ಕಿಂಗಿನಲ್ಲಿ ಜಾಗವಿಲ್ಲ.

ಹೋದ ವಾರ ಬಂದಿದ್ದ ಮುಂಬಯಿಯ ದಲ್ಲಾಳಿ ನಕ್ಕುಬಿಟ್ಟಿದ್ದ. ಅರವತ್ನಾಲ್ಕರ ಗಾಡಿ, ಒಬ್ಬರೇ ಓಡಿಸಿದ್ದು ಅಂದರೆ ಯಾರು ನಂಬುತ್ತಾರೆ, ಇಂಥ ಮನೆಗಳಲ್ಲಿ ಡ್ರೈವರುಗಳೇ ಓಡಿಸಿ ಹಾಳು ಮಾಡಿರುತ್ತಾರೆ ಎಂದು ಗುಜರಿಯ ದರ ಹೇಳಿ ಹೋಗಿದ್ದ. ಆ ಮಾತು ಅಪ್ಪಾಸಾಹೇಬರಿಗೆ ಇನ್ನೂ ಚುಚ್ಚುತ್ತಿತ್ತು. ಈ ಸಲ ಬಂದವರಿಗೆ ಸೊಲ್ಲೆತ್ತಲು ಬಿಡಬಾರದು ಎಂದುಕೊಂಡೇ ಬೆಳಿಗ್ಗೆ ಗಾಡಿ ಹೊರಗೆ ತೆಗೆದು ನಿಲ್ಲಿಸಿದ್ದರು.

ಈ ದಿನ ಬಂದವರು ಇಬ್ಬರು. ವರಾಂಡದ ಕುರ್ಚಿಯಲ್ಲಿ ಚಹಾ ಮುಟ್ಟದೆ ಕೂತವರು ಧಾರವಾಡದ ಕಡೆಯ ಬಿಂದುಮಾಧವ. ಮಾತು ಕಡಿಮೆ, ಕನ್ನಡಕದ ಹಿಂದಿನ ಕಣ್ಣು ಮಾತ್ರ ಚುರುಕು. ಕೊಳ್ಳುವವರು ಅವರೇ ಇರಬೇಕು. ಬೆಲೆ ಕಟ್ಟಲು ಅವರು ಕರೆತಂದವಳು ಮಾಯಾ. ಹಳೆಯ ಗಾಡಿಗಳಿಗೆ ಬೆಲೆ ಕಟ್ಟುವುದೇ ಅವಳ ಉದ್ಯೋಗವಂತೆ.

"ಯಾವ ಕಡಿಯವಳವ್ವ ನೀ?"

"ಯಾದಗಿರಿ ಕಡಿಯವರ್ರಿ. ಬೆಳದದ್ದು ಪುಣೆದಾಗ."

ಕಲ್ಲು ಮಣ್ಣು ಹೊರಲು ಬಂದವರ ಪೈಕಿ, ಎಂದುಕೊಂಡರು ಅಪ್ಪಾಸಾಹೇಬರು. ಅಂಥವರ ಮಗಳು ತಮ್ಮ ಗಾಡಿಯ ಬಾನೆಟ್ ಎತ್ತಿ ನೋಡುವ ಕಾಲ ಬಂತು.

ಅವಳೋ, ಯಾರ ಮರ್ಜಿಯೂ ಬೇಡ ಎಂಬಂತೆ ಕೆಲಸ ಮಾಡಿದಳು. ಎಂಜಿನ್ ನಂಬರು ಒರೆಸಿ ಓದಿದಳು. ಗಾಜುಗಳ ಮೂಲೆಯ ಅಚ್ಚು ನೋಡಿದಳು. ಉದ್ದನೆಯ ಸೀಟಿನ ಹೊಲಿಗೆ ಸವರಿದಳು. ಹಿಂದಿನ ಆರು ದೀಪಗಳನ್ನೂ ಹಚ್ಚಿಸಿದಳು.

"ಎಲ್ಲಾ ಕಂಪನಿಯಿಂದ ಬಂದಾಗಿಂದು. ಇಷ್ಟು ಚೊಕ್ಕ ಗಾಡಿ ನಾ ನೋಡಿದ್ದಿಲ್ಲ."

ಅಪ್ಪಾಸಾಹೇಬರ ಎದೆ ಉಬ್ಬಿತು. ಅಷ್ಟರಲ್ಲಿ ಎಡ ಮಡ್‌ಗಾರ್ಡಿನ ಮೇಲಿಟ್ಟ ಅಯಸ್ಕಾಂತ ಜಾರಿ ಅವಳ ಅಂಗೈಗೆ ಬಿತ್ತು.

"ಇಲ್ಲಿ ಪುಟ್ಟಿ ಅದ. ಏನಾಗಿತ್ರಿ?"

ಅಪ್ಪಾಸಾಹೇಬರು ನೋಟವನ್ನು ಗೇಟಿನ ಕಡೆ ಹೊರಳಿಸಿದರು. "ಶಿರೂರು ರಸ್ತಾದಾಗ ಎಮ್ಮಿ ಅಡ್ಡ ಬಂತು. ರಾಂಜಣಗಾಂವದ ಗಣಪತಿ ದರ್ಶನ ಮುಗಿಸಿ ಬರಾಕತ್ತಿದ್ದೆ. ಭಾಳ ಹಳೀ ಮಾತು."

"ತೊಂಬತ್ತೊಂದನೇ ಇಸವಿಯಾಗ?"

"ಇರಬೇಕು. ಯಾಕ?"

"ಪುಟ್ಟಿಯ ವಯಸ್ಸು ಕೇಳಿದೆ, ಅಷ್ಟ. ಡ್ರೈವರ್ ಕುಡದಿದ್ದನೇನ್ರಿ?"

"ಯಾವ ಡ್ರೈವರ್?"

"ಗಾಡಿ ಓಡಿಸಿದವ. ನೀವು ಒಂದೇ ಕೈ ಅಂತೀರಿ, ಎಲ್ಲಾರೂ ಹಂಗ ಅಂತಾರ. ಇಂಥಾ ದೊಡ್ಡ ಮನಿಯಾಗ ಆಳು ಇರಲಿಲ್ಲ ಅಂದ್ರ ಯಾರು ನಂಬತಾರ್ರಿ? ಮುಂಬಯಿಯವರು ನಂಬತಾರೇನು?"

ಮುಂಬಯಿಯ ಹೆಸರು ಕೇಳಿದ್ದೇ ತಡ, ಅಪ್ಪಾಸಾಹೇಬರ ಸಿಟ್ಟು ನೆತ್ತಿಗೇರಿತು.

"ಆಳು ಇದ್ದ! ನಿಮ್ಮ ಕಡಿಯವನ! ಗಾಡಿ ತೊಳೀತಿದ್ದ. ಅಷ್ಟ ಅವನ ಕೆಲಸ. ಕ್ಲಚ್ ಯಾವುದು, ಬ್ರೇಕ್ ಯಾವುದು ಅಂತ ಗೊತ್ತಿರಲಿಲ್ಲ ಅವಗ. ಅಂಥವನ್ನ ಈ ಸ್ಟೀರಿಂಗ್ ಮುಂದ ಕೂಡಸತೀನೇನು ನಾನು?"

"ಆ ದಿನಾನೂ?"

"ಆ ದಿನಾನೂ ಓಡಿಸಿದವ ನಾನ! ಗಾಡಿಯಾಗ ನಾ ಒಬ್ಬನ ಇದ್ದೆ. ಅವ ಇಲ್ಲೇ ಅಂಗಳ ಬಳ್ಕೋತ ಇದ್ದ. ಈ ಗಾಡಿಗೆ ಎರಡನೇ ಕೈ ಹತ್ತಿಲ್ಲ. ಎಲ್ಲಿ ಬೇಕಾದರೂ ಹೇಳತೀನಿ."

ಬಿಂದುಮಾಧವ ಎದ್ದು ಮೆಟ್ಟಿಲಿಳಿದು ಬಂದರು.

"ನನ್ನ ಮುಂದ ಇನ್ನೊಮ್ಮೆ ಹೇಳ್ರಿ, ಅಪ್ಪಾಸಾಹೇಬ್ರ. ನನಗ ಬೇಕಾದದ್ದು ಅದೊಂದ ಮಾತು."

ಗಿರಾಕಿ ಒಲಿದ ಎನಿಸಿತು ಅವರಿಗೆ. ಬಾನೆಟ್ಟಿನ ಮೇಲೆ ಅಂಗೈ ಬಡಿದು, ಆ ದಿನವೂ ಓಡಿಸಿದವನು ತಾನೇ ಎಂದು ಒಂದೊಂದೇ ಮಾತನ್ನು ಬಿಡಿಸಿ, ಬೀದಿಗೆ ಕೇಳುವಂತೆ ಹೇಳಿದರು. ಗೇಟಿನ ಹತ್ತಿರ ತರಕಾರಿ ಕೊಳ್ಳುತ್ತಿದ್ದ ಪಕ್ಕದ ಮನೆಯ ಪ್ರೇಮಾವತಿ ಕೂಡ ತಿರುಗಿ ನೋಡಿದರು. ಎಷ್ಟೋ ವರ್ಷಗಳಿಂದ ಎದೆಯ ಮೇಲಿದ್ದ ಭಾರವೊಂದು ಇಳಿದಂತಾಯಿತು. ಅದು ಯಾವ ಭಾರವೆಂದು ಅವರು ಯೋಚಿಸಲು ಹೋಗಲಿಲ್ಲ.

"ಈಗ ಬೆಲಿ ಹೇಳವ್ವ," ಎಂದರು ಗೆದ್ದ ದನಿಯಲ್ಲಿ.

ಮಾಯಾ ಅಯಸ್ಕಾಂತವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಮೊದಲ ಸಲ ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ದನಿ ಏರಲಿಲ್ಲ.

"ಅವತ್ತು ಸತ್ತದ್ದು ಎಮ್ಮಿ ಅಲ್ರಿ, ಸೈಕಲ್ ಮ್ಯಾಲ ಹೊಂಟಿದ್ದ ಮನಷ್ಯಾ. ಗಾಡಿ ಓಡಿಸಿದವ ಆ ತೊಳಿಯೋ ಆಳು ಅಂತ ಕೋರ್ಟಿನಾಗ ಆಣಿ ಮಾಡಿ ಹೇಳಿದವರು ನೀವು."

ಬಾನೆಟ್ಟಿನ ಮೇಲಿದ್ದ ಅಂಗೈಯನ್ನು ಎತ್ತಲು ಅಪ್ಪಾಸಾಹೇಬರಿಗೆ ಆಗಲಿಲ್ಲ.

"ಈ ಬಿಂದುಮಾಧವರು ಹೈಕೋರ್ಟಿನಾಗ ಆ ಆಳಿನ ಅಪೀಲು ನಡಸೋ ವಕೀಲರು. ಇನ್ನ ಬೆಲಿ ಅಂದ್ರೇನ್ರಿ, ಅದನ್ನ ನಮ್ಮಪ್ಪ ಕಾಶಪ್ಪ ಯರವಡಾ ಜೈಲಿನಾಗ ಕೂತು ಆವಾಗ್ಲೇ ಕೊಟ್ಟಾನ."