ಮುಚ್ಚಳ ತೆಗೆಯಬಾರದು

ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಮೊಸರಿನ ಗಡಿಗೆಯ ಪಕ್ಕ ಗಾಯದ ಕೆನೆಯ ಗಡಿಗೆ ಇರುತ್ತದೆ. ಸಕ್ಕರೆ ಹಾಕಿದ ಟೀ ನೀರಿಗೆ ಹೆಪ್ಪು ಬಿಟ್ಟು ಹನ್ನೆರಡು ದಿನ ಅಲುಗಾಡಿಸದೆ ಇಟ್ಟರೆ ಮೇಲೆ ದಪ್ಪನೆಯ ಬಿಳಿ ಕೆನೆ ಕಟ್ಟುತ್ತದೆ. ಅದನ್ನು ತೊಳೆದು, ಕುದಿಸಿ, ಆರಿಸಿ ಸುಟ್ಟ ಗಾಯಕ್ಕೆ ಹೊದಿಸುತ್ತೇವೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಈ ಹೆಪ್ಪನ್ನೂ ಕೊಟ್ಟೇ ಕಳಿಸುವುದು.

ಎದುರು ಮನೆಯ ನೇಯ್ಗೆಯ ತಿಪ್ಪಕ್ಕನ ಗಡಿಗೆಯಲ್ಲಿ ಮಾತ್ರ ಕೆನೆ ಎಂದೂ ಕಟ್ಟಿದ್ದಿಲ್ಲ. ಹಾಲು ಹೆಪ್ಪುಗಟ್ಟಿತೇ ಎಂದು ನೋಡುವ ಹಾಗೆ ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆದು ಅಲ್ಲಾಡಿಸುತ್ತಿದ್ದಳು.

ಕಳೆದ ತಿಂಗಳು ನೂಲಿಗೆ ಹಾಕುವ ಕುದಿಗಂಜಿ ಚೆಲ್ಲಿ ಅವಳ ಬಲ ಅಂಗೈ ಬೆಂದಿತು. ಬೆರಳು ಸೆಟೆದುಕೊಂಡರೆ ಮಗ್ಗವನ್ನೇ ಬಿಡಬೇಕು. ಆಸ್ಪತ್ರೆಯವರು ಗಾಯ ತೊಳೆದು, ಮನೆಯ ಕೆನೆ ಹೊದಿಸಿಕೊಳ್ಳಿ ಎಂದು ಕಳಿಸಿದರು. ನೇರ ನನ್ನ ಬಾಗಿಲಿಗೆ ಬಂದಳು.

"ನಿನ್ ಗಡಿಗ್ಯಾಗೆ ಏನೈತೆ?" ಅಂದೆ.

"ಟೀ ಐತೆ, ದೊಡ್ಡವ್ವ," ಎಂದು ತಲೆ ತಗ್ಗಿಸಿದಳು.

ನನ್ನ ಕೆನೆಯನ್ನೇ ಹೊದಿಸಿ ಬಟ್ಟೆ ಕಟ್ಟಿದೆ. "ತಾನಾಗೇ ಬಿಡೋಗಂಟ ಎತ್ತಿ ನೋಡಂಗಿಲ್ಲ."

"ಒಂಚೂರು ಅಂಚು?"

"ಅಂಚೂ ಇಲ್ಲ ಕಣೆ."

ಮನೆಯಲ್ಲಿ ಒಬ್ಬಳೇ ಇದ್ದರೆ ನೋಡಿಬಿಡುತ್ತೇನೆಂಬ ಭಯಕ್ಕೆ ಹತ್ತು ದಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಜಗಲಿಯಲ್ಲೇ ಕೂತಳು. ಹನ್ನೊಂದನೆಯ ದಿನ ಕೆನೆ ಒಣಗಿ ಹಪ್ಪಳದಂತೆ ಕಳಚಿತು. ಅಡಿಯಲ್ಲಿ ಎಳೆಯ ಚರ್ಮ. ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದಳು. ನನ್ನ ಕಣ್ಣು ತುಂಬಿತು.

ಒರೆಸಿಕೊಂಡು ನೋಡುವಷ್ಟರಲ್ಲಿ ಅದೇ ಕೈಯಿಂದ ನಾನು ಹೊಸದಾಗಿ ಹೆಪ್ಪು ಬಿಟ್ಟಿದ್ದ ಗಡಿಗೆಯ ಮುಚ್ಚಳ ಎತ್ತಿ ಇಣುಕುತ್ತಿದ್ದಳು.