ಬಿಂಟುಮಾನಿಯ ಎತ್ತರ

"ಮತ್ತೆ ತಪ್ಪು!" ವಿಜಯಾ ಅಡುಗೆಮನೆಯ ಮೇಜಿಗೆ ಸ್ಕೇಲಿನಿಂದ ಫಟ್ಟನೆ ಹೊಡೆದಳು. "ಸಿಯೆರಾ ಲಿಯೋನ್‌ಗೆ ಸ್ವಾತಂತ್ರ್ಯ ಬಂದದ್ದು ಯಾವಾಗ?"

ಎದುರು ಕುಳಿತಿದ್ದ ಮಾಬಿಂಟಿ ತಲೆ ತಗ್ಗಿಸಿದಳು. "ನಾನು ಹುಟ್ಟೋಕೆ ಮುಂಚೆ, ಆಂಟಿ."

"ಯಾವ ವರ್ಷ? ಯಾವ ತಾರೀಖು?"

ಗೊತ್ತಿರಲಿಲ್ಲ. ದೇಶದ ಅತಿ ಎತ್ತರದ ಬೆಟ್ಟವೂ ಗೊತ್ತಿರಲಿಲ್ಲ. ಭೂಪಟ ಬಿಡಿಸಿಟ್ಟರೆ ತನ್ನ ಊರಿನ ಮೇಲೆ ಬೆರಳಿಡಲು ಹೋಗಿ ಸಮುದ್ರದ ಮೇಲಿಟ್ಟಳು. ಇವಳು ಆ ದೇಶದವಳೇ ಹೌದೇ ಎಂದು ಯಾರಿಗಾದರೂ ಅನುಮಾನ ಬರಬೇಕು.

ಅದು ಎರಡು ಸಾವಿರದ ಇಸವಿಯ ಮಾರ್ಚ್. ಇಂಗ್ಲಿಷರ ದೇಶದ ಇಲ್ಫರ್ಡಿನಲ್ಲಿ, ವಿಜಯಾಳ ಪಕ್ಕದ ಮನೆಯ ಮೇಲಿನ ಕೋಣೆಯಲ್ಲಿ ಮಾಬಿಂಟಿ ಬಾಡಿಗೆಗಿದ್ದಳು. ಊರಲ್ಲಿ ಯುದ್ಧ, ಗಂಡನನ್ನು ಕೊಂದರು, ಕಾಗದಪತ್ರ ಯಾವುದೂ ಇಲ್ಲದೆ ಓಡಿಬಂದೆ ಎನ್ನುತ್ತಿದ್ದಳು. ಆಶ್ರಯ ಸಿಗಬೇಕಾದರೆ ಇಮಿಗ್ರೇಷನ್ ಕಚೇರಿಯ ಸಂದರ್ಶನದಲ್ಲಿ ತಾನು ಅಲ್ಲಿಯವಳೇ ಎಂದು ನಂಬಿಸಬೇಕು. ನಂಬದಿದ್ದರೆ ವಿಮಾನ ಹತ್ತಿಸುತ್ತಾರೆ. ಬೇರೆ ದೇಶದವರೆಲ್ಲ ಅಲ್ಲಿಯವರೆಂದು ಸುಳ್ಳು ಹೇಳಿ ನುಸುಳುತ್ತಾರಂತೆ. ಅದಕ್ಕೇ ಈ ಪರೀಕ್ಷೆ.

ಪರೀಕ್ಷೆ ಎಂದದ್ದೇ ತಡ, ವಿಜಯಾಳ ಕಿವಿ ನೆಟ್ಟಗಾಗಿತ್ತು. ಧಾರವಾಡದ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಭೂಗೋಳ ಕಲಿಸಿದವಳು ಅವಳು. ಡಾಕ್ಟರ್ ಗಂಡನ ಜೊತೆ ಇಲ್ಲಿಗೆ ಬಂದ ಮೇಲೆ, ನಿಮ್ಮ ಬಿ.ಎಡ್. ಇಲ್ಲಿ ನಡೆಯುವುದಿಲ್ಲ ಎಂದು ಕಚೇರಿಯೊಂದರಲ್ಲಿ ಒಬ್ಬಳು ನಗುನಗುತ್ತಲೇ ಕೆಲಸದ ಅರ್ಜಿಯನ್ನು ಹಿಂದಕ್ಕೆ ತಳ್ಳಿದ್ದಳು. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತಿತ್ತು. ಅಂಥ ಕಚೇರಿಯವರ ಸೊಕ್ಕು ಮುರಿಯುವ ಅವಕಾಶ ತಾನಾಗಿಯೇ ಮನೆ ಬಾಗಿಲಿಗೆ ಬಂದಿತ್ತು.

ಮೊದಲ ದಿನ, "ನಿನ್ನ ದೇಶದ ಬಗ್ಗೆ ಗೊತ್ತಿರುವುದನ್ನೆಲ್ಲ ಹೇಳು" ಎಂದು ಹೊಸ ನೋಟ್‌ಬುಕ್ ತೆರೆದು ತಾನೇ ಬರೆದುಕೊಂಡಿದ್ದಳು. ಮಾಬಿಂಟಿ ಹೇಳಿದ್ದೇನು? ತನ್ನೂರಿನ ನದಿಯನ್ನು ದಾಟುವಾಗ ದೋಣಿಯಲ್ಲಿದ್ದವರೆಲ್ಲ ಸೇರಿ ಹಗ್ಗ ಜಗ್ಗುತ್ತಾರೆ ಎಂದಳು. ಮರಗೆಣಸಿನ ಎಲೆ ಕುಟ್ಟಿ ತಾಳೆ ಎಣ್ಣೆಯಲ್ಲಿ ಬೇಯಿಸುತ್ತಾರೆ ಎಂದಳು. ಹೇಗಿದ್ದೀಯಾ ಎಂದು ಕೇಳಿದರೆ ಅಲ್ಲಿ ಯಾರೂ ಚೆನ್ನಾಗಿದ್ದೇನೆ ಎನ್ನುವುದಿಲ್ಲ, 'ದೇವರಿಗೆ ಥ್ಯಾಂಕ್ಸ್ ಹೇಳು' ಎನ್ನುತ್ತಾರೆ ಎಂದು ನಕ್ಕಳು. ಅರ್ಧ ಪುಟಕ್ಕೇ ವಿಜಯಾಳ ತಾಳ್ಮೆ ಮುಗಿಯಿತು. ಮರುದಿನ ಲೈಬ್ರರಿಯಿಂದ ದಪ್ಪನೆಯ ವಿಶ್ವಕೋಶ ಹೊತ್ತು ತಂದಳು.

"ಆಕಿ ಆ ದೇಶದಾಕೀನ ಅಲ್ಲ ಅನಸ್ತದ ನನಗ," ಎಂದ ಗಂಡ ಮಧುಸೂದನ್, ಶೂ ಬಿಚ್ಚುತ್ತಾ. "ತನ್ನ ದೇಶದ ಬೆಟ್ಟ ಗೊತ್ತಿಲ್ಲ ಅಂದ್ರ ಹೆಂಗ?"

"ನೀವು ಸುಮ್ಮನಿರ್ರಿ. ಸುಳ್ಳ ಇರ್ಲಿ, ಖರೇನ ಇರ್ಲಿ, ನನ್ನ ಕೈಯಾಗ ಸಿಕ್ಕಾಕಿ ಯಾರೂ ಇನ್ನತನಕ ಫೇಲ್ ಆಗಿಲ್ಲ."

ಮೂರು ವಾರ ಬಾಯಿಪಾಠ ನಡೆಯಿತು. ಬಿಂಟುಮಾನಿ ಬೆಟ್ಟ, ಆರು ಸಾವಿರದ ಮುನ್ನೂರ ಎಂಬತ್ತೊಂದು ಅಡಿ. ಸ್ವಾತಂತ್ರ್ಯ, ಸಾವಿರದ ಒಂಬೈನೂರ ಅರವತ್ತೊಂದು, ಏಪ್ರಿಲ್ ಇಪ್ಪತ್ತೇಳು. ನದಿಗಳು, ಉತ್ತರದಿಂದ ದಕ್ಷಿಣಕ್ಕೆ. ಖನಿಜಗಳು, ಬೆಳೆಗಳು. ಮಾಬಿಂಟಿ ನಡುವೆ ಒಮ್ಮೆ, "ಆಂಟಿ, ಹಗ್ಗದ ದೋಣಿ ವಿಷಯ ಹೇಳಲಾ?" ಎಂದದ್ದಕ್ಕೆ ಸ್ಕೇಲು ಮೇಜಿನ ಮೇಲೆ ಬಿತ್ತು.

"ಊರ ಪುರಾಣ ಬೇಡ. ಅವರು ಹೇಗಿದ್ದೀಯಾ ಅಂದರೆ, ಐ ಆ್ಯಮ್ ಫೈನ್, ಥ್ಯಾಂಕ್ ಯೂ ಸರ್. ನದಿ ಅಂದರೆ ಹೆಸರು. ಅಷ್ಟೇ."

ಸಂದರ್ಶನದ ದಿನ ಮಾಬಿಂಟಿ ಬಸ್ಸಿಳಿದು ಓಡುತ್ತಲೇ ಬಂದಳು. "ಎಲ್ಲಾ ಹೇಳಿದೆ, ಆಂಟಿ! ಒಂದೂ ಮರೀಲಿಲ್ಲ!" ವಿಜಯಾ ಅವತ್ತು ದ್ರಾಕ್ಷಿ ಗೋಡಂಬಿ ಹಾಕಿ ಶಿರಾ ಮಾಡಿದಳು.

ಜೂನ್‌ನಲ್ಲಿ ಪತ್ರ ಬಂತು. ಮಾಬಿಂಟಿಗೆ ಓದಲು ಬಾರದು. ಒಡೆಯದೇ ತಂದು ಮೇಜಿನ ಮೇಲಿಟ್ಟಳು. ಮೊದಲ ಸಾಲಿಗೇ ವಿಜಯಾಳ ಮುಖ ಕೆಂಪಾಯಿತು. ಅರ್ಜಿ ತಿರಸ್ಕೃತವಾಗಿತ್ತು.

"ನೂರಕ್ಕ ನೂರು ತಗೊಂಡಾಕೀನ್ನ ಫೇಲ್ ಮಾಡ್ಯಾರ, ಹಾಳಾದವರು!" ಕಾಗದವನ್ನು ಮೇಜಿಗೆ ಬಡಿದಳು. "ಬಿಡಂಗಿಲ್ಲ ನಾ. ಏನು ತಪ್ಪು ಹುಡುಕ್ಯಾರ, ನೋಡ್ತೀನಿ." ಎರಡನೆಯ ಪುಟ ತಿರುವಿ ಗಟ್ಟಿಯಾಗಿಯೇ ಓದತೊಡಗಿದಳು.

'ಶಾಲೆಗೇ ಹೋಗಿಲ್ಲವೆನ್ನುವ ಅರ್ಜಿದಾರಳು ಬೆಟ್ಟದ ಎತ್ತರವನ್ನು ಅಡಿಗಳಲ್ಲಿ ಒಪ್ಪಿಸಿದ್ದಾಳೆ. ತನ್ನೂರಿನ ನದಿಯನ್ನು ದಾಟುವುದು ಹೇಗೆ ಎಂದು ಕೇಳಿದರೆ ದೇಶದ ನದಿಗಳ ಹೆಸರು ಹೇಳಿದ್ದಾಳೆ. ಮನೆಯಲ್ಲಿ ಏನು ಅಡುಗೆ ಎಂದರೆ ಬೆಳೆಗಳ ಪಟ್ಟಿ ಕೊಟ್ಟಿದ್ದಾಳೆ. ದುಭಾಷಿ ಅಲ್ಲಿನ ಮಾತಿನಲ್ಲೇ ಹೇಗಿದ್ದೀಯಾ ಎಂದದ್ದಕ್ಕೆ, ಅಲ್ಲಿಯ ಮಗುವಿಗೂ ಗೊತ್ತಿರುವ ಉತ್ತರ ಈಕೆಗೆ ಗೊತ್ತಿರಲಿಲ್ಲ. ಈಕೆ ಆ ದೇಶದವಳಲ್ಲ. ಯಾರೋ ತರಬೇತಿ ಕೊಟ್ಟು ಕಳಿಸಿದ್ದಾರೆ.'

ಕೊನೆಯ ವಾಕ್ಯದ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದಳು.

"ಏನಂತೆ, ಆಂಟಿ? ನಾನು ಏನು ತಪ್ಪು ಹೇಳಿದೆ?" ಮಾಬಿಂಟಿ ಕೇಳಿದಳು.

ವಿಜಯಾ ವಿಶ್ವಕೋಶದಡಿ ಸಿಕ್ಕಿಕೊಂಡಿದ್ದ ನೋಟ್‌ಬುಕ್ಕನ್ನು ಎಳೆದು ಮೊದಲ ಪುಟ ತೆರೆದಳು.

ಹಗ್ಗದ ದೋಣಿ, ಮರಗೆಣಸಿನ ಎಲೆ, ದೇವರಿಗೆ ಥ್ಯಾಂಕ್ಸ್. ಎಲ್ಲದರ ಮೇಲೂ ಕೆಂಪು ಗೀಟು, ಪಕ್ಕದಲ್ಲಿ ಅವಳದೇ ದುಂಡು ಅಕ್ಷರ: 'ಇದು ಪರೀಕ್ಷೆಗೆ ಬರುವುದಿಲ್ಲ.'